ಮಜ್ಜಿಗೆ ಹುಲ್ಲಿನ ಎಣ್ಣೆಗೆ ಮನೆಯಲ್ಲೇ ಒಂದು ಸಣ್ಣ ಭಟ್ಟಿ: ಬೆಂಕಿಯನ್ನು ಹತೋಟಿಗೆ ತಂದ ಬಗೆ

ಭಟ್ಟಿ ಇಳಿಸಲು ಹೊಸತಾಗಿ ಹೊರಟವರು ಮೊದಲು ಕೇಳುವುದು "ಎಷ್ಟು ಡಿಗ್ರಿಗೆ ಇಡಬೇಕು?" ಎಂದು. ಡಿಗ್ರಿ ನಮ್ಮ ಕೈಯಲ್ಲಿಲ್ಲ ಎನ್ನುವುದೇ ನನ್ನ ಉತ್ತರ. ಕುದಿಯುವ ಪಾತ್ರೆಯ ಡಿಗ್ರಿ ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಬೆಂಕಿ ಹೆಚ್ಚು ಕಡಿಮೆ ಮಾಡಿ ನಾವು ಬದಲಿಸಬಹುದಾದ್ದು ನಿಮಿಷಕ್ಕೆ ಎಷ್ಟು ಹಬೆ ಏಳುತ್ತದೆ ಎಂಬುದನ್ನು ಮಾತ್ರ. ಇದು ಮನಸ್ಸಿಗೆ ಬಂದ ಮೇಲೆ ಪಾತ್ರೆ, ನಳಿಗೆ, ಒಲೆ ಎಲ್ಲವನ್ನೂ ಆರಿಸುವ ರೀತಿಯೇ ಬೇರೆಯಾಗುತ್ತದೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ತೋಟದಲ್ಲಿ ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆ ಇಳಿಸಲು, ಎಂದರೆ ಹುಲ್ಲಿನ ನಡುವೆ ಹಬೆ ಹಾಯಿಸಿ, ಅದನ್ನು ತಣಿಸಿ, ನೀರಿನ ಜೊತೆ ಬಂದ ಎಣ್ಣೆಯನ್ನು ಬೇರೆ ಮಾಡಲು, ಕಟ್ಟಿದ ಸಣ್ಣ ಭಟ್ಟಿಯ ವಿವರವನ್ನು ಈ ದಾರಿಯಲ್ಲೇ ಹೇಳುತ್ತೇನೆ.

ಇದೇ ಪಾತ್ರೆ, ಇದೇ ನಳಿಗೆ ಸಾರಾಯಿಗೂ ಆಗುತ್ತದೆ ಎಂದು ನೋಡಿದವರಿಗೆಲ್ಲ ಹೊಳೆಯುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕೊಲ್ಲಂ ವರ್ಷ 1077ರ ಅಬಕಾರಿ ಕಾಯಿದೆ ಈಗಲೂ ಕೇರಳದಲ್ಲಿ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಮದ್ಯ ಇಳಿಸುವುದೂ, ಅದಕ್ಕೆಂದು ಭಟ್ಟಿ ಸಾಮಾನು ಇಟ್ಟುಕೊಳ್ಳುವುದೂ ಅದರ ಪ್ರಕಾರ ಅಪರಾಧ. ಇಲ್ಲಿ 1996ರ ಏಪ್ರಿಲ್ 1ರಿಂದ ಸಾರಾಯಿಗೇ ನಿಷೇಧವಿದೆ. ಗಡಿಯಾಚೆ ಕರ್ನಾಟಕದಲ್ಲಿ 2007ರಿಂದ. ನಮ್ಮ ಭಟ್ಟಿ ಹುಲ್ಲಿಗೆ, ಎಲೆಗೆ ಮಾತ್ರ. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಕೊಡುವಾಗಲೂ ಇದನ್ನು ಬಿಡಿಸಿ ಹೇಳಿಯೇ ಕೊಟ್ಟೆವು, ಹುಲ್ಲಿನ ಒಂದು ಕಟ್ಟನ್ನೂ ಜೊತೆಗೆ ಒಯ್ದಿದ್ದೆವು.

ಮಜ್ಜಿಗೆ ಹುಲ್ಲಿನ ಎಣ್ಣೆ ಕೇರಳಕ್ಕೆ ಹೊಸತಲ್ಲ. ಕೊಚ್ಚಿಯಿಂದ ಹಡಗೇರಿ ಹೋಗುತ್ತಿದ್ದ ಕಾರಣ ಹೊರದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ಕೊಚ್ಚಿನ್ ಎಣ್ಣೆ ಎಂದೇ ಹೆಸರಿತ್ತು. ಇದಕ್ಕಾಗಿಯೇ 1951ರಲ್ಲಿ ಎರ್ನಾಕುಳಂ ಜಿಲ್ಲೆಯ ಓಡಕ್ಕಾಲಿಯಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು. 'ಸುಗಂಧಿ' ತಳಿ ಬಂದದ್ದು ಅಲ್ಲಿಂದಲೇ. ನಾವು ಗೇರು ಗುಡ್ಡೆಯ ಬದಿಯಲ್ಲಿ ನೆಟ್ಟಿರುವುದೂ ಅದನ್ನೇ. ಮನೆಯ ಹಿತ್ತಿಲಲ್ಲಿ ಕಷಾಯಕ್ಕೆ ಬೆಳೆಯುವ ದಪ್ಪ ಬುಡದ ಹುಲ್ಲು ಹೆಚ್ಚಾಗಿ ಇದರ ಅಕ್ಕತಂಗಿ ಜಾತಿ. ಅದರಿಂದಲೂ ಎಣ್ಣೆ ಬರುತ್ತದೆ, ಗುಣ ತುಸು ಬೇರೆ. ಹಸಿ ಹುಲ್ಲಿನ ತೂಕದಲ್ಲಿ ಎಣ್ಣೆ ಇರುವುದು ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ಹತ್ತು ಕಿಲೋ ಹುಲ್ಲಿಗೆ ಮೂವತ್ತರಿಂದ ಐವತ್ತು ಮಿಲಿಲೀಟರ್ ಸಿಕ್ಕಿದರೆ ಒಳ್ಳೆಯದೆನ್ನಬೇಕು. ಸಿಗುವುದೇ ಇಷ್ಟು ಸ್ವಲ್ಪ. ಅದರಲ್ಲೂ ಬೆಂಕಿಯ ಅಂದಾಜು ತಪ್ಪಿದರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದು ನೀರಿನಲ್ಲಿ ಕಲಸಿಹೋಗುತ್ತದೆ. ನಾನು ಬಿಸಿಯ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಡಿಗ್ರಿಯ ವಿಷಯವನ್ನು ಒಮ್ಮೆ ಪೂರ್ತಿ ಹೇಳಿ ಮುಗಿಸುತ್ತೇನೆ. ಈ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುವುದು ಸಿಟ್ರಾಲ್, ನಿಂಬೆಯ ಪರಿಮಳ ಕೊಡುವ ಅಂಶ. ಅದೊಂದನ್ನೇ ಕಾಯಿಸಿದರೆ ಕುದಿಯಲು ಸುಮಾರು 229 ಡಿಗ್ರಿ ಬೇಕು. ಆದರೆ ನೀರೂ ಎಣ್ಣೆಯೂ ಒಂದಕ್ಕೊಂದು ಬೆರೆಯದ ಕಾರಣ, ಎರಡೂ ತಮ್ಮ ತಮ್ಮ ಆವಿಯ ಒತ್ತಡವನ್ನು ಬೇರೆ ಬೇರೆಯಾಗಿ ತೋರಿಸುತ್ತವೆ. ಆ ಎರಡು ಒತ್ತಡಗಳ ಮೊತ್ತ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದ ಕೂಡಲೇ ಕುದಿ ಶುರು. ನೀರೊಂದೇ 100 ಡಿಗ್ರಿಯಲ್ಲಿ ಆ ಒತ್ತಡ ಮುಟ್ಟುವುದರಿಂದ, ಎಣ್ಣೆಯ ಪಾಲೂ ಸೇರಿದಾಗ 100ಕ್ಕಿಂತ ತುಸು ಕೆಳಗೇ ಎರಡೂ ಒಟ್ಟಿಗೆ ಹೊರಡುತ್ತವೆ. ಬೆಂಕಿಯನ್ನು ಎರಡು ಪಟ್ಟು ಮಾಡಿದರೂ ತೆರೆದ ನಳಿಗೆಯ ಭಟ್ಟಿಯಲ್ಲಿ ಈ ಡಿಗ್ರಿ ಏರುವುದಿಲ್ಲ, ಹಬೆಯೇ ಎರಡು ಪಟ್ಟಾಗುತ್ತದೆ. ಮದ್ಯದ ಭಟ್ಟಿಗೂ ಇದೇ ಲೆಕ್ಕ. ಮದ್ಯದ ಅಮಲಿನ ಅಂಶವಾದ ಎಥನಾಲ್ ಶುದ್ಧವಾಗಿದ್ದಾಗ 78.3 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಓದಿದವರು ಪಾತ್ರೆಯನ್ನು 78ಕ್ಕೆ ನಿಲ್ಲಿಸಬೇಕೆಂದು ತಿಳಿಯುತ್ತಾರೆ. ನೀರು ಬೆರೆತ ದ್ರವ 78 ಮತ್ತು 100ರ ನಡುವೆ ತನ್ನ ಬೆರಕೆಗೆ ತಕ್ಕ ಡಿಗ್ರಿಯಲ್ಲಿ ಕುದಿಯುತ್ತದೆ. ಎಥನಾಲ್ ಹೊರಟುಹೋದಂತೆ ಆ ಡಿಗ್ರಿ ತಾನಾಗಿ ಏರುತ್ತಾ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಒಲೆ ಇಲ್ಲ.

ಕಟ್ಟುವಾಗ ಬದಿಯಡ್ಕದಿಂದ ನಮ್ಮ ಭಾವ ಬಂದಿದ್ದರು. ಕರೆಂಟಿನ ಕೆಲಸ ಬಲ್ಲವರು. "ಭಾವಾ, ಇದಕ್ಕೊಂದು ಥರ್ಮೋಸ್ಟಾಟ್ ಹಾಕಿ 98ಕ್ಕೆ ಇಟ್ಟುಬಿಡುವ, ನೀವು ನೋಡ್ತಾ ಕೂರುವ ತಾಪತ್ರಯ ಇಲ್ಲ" ಎಂದರು. "ಕುದಿಯುವುದು 99ರಲ್ಲಿ ಆದರೆ 98ಕ್ಕೆ ಕಟ್ ಆದ ಮೇಲೆ ಹಬೆ ಎಲ್ಲಿಂದ ಬರಬೇಕು ಭಾವಾ? 100ಕ್ಕೆ ಇಟ್ಟರೆ ಅದು ಕಟ್ ಆಗುವುದೇ ಇಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ವ್ಯಾಟ್ ಹಿಡಿಯಬೇಕು, ಡಿಗ್ರಿ ಅಲ್ಲ" ಎಂದರು. ಅಲ್ಲಿಂದ ಮುಂದೆ ನಮ್ಮ ಕೆಲಸ ಸಲೀಸಾಯಿತು.

ವ್ಯಾಟಿನ ಲೆಕ್ಕ ಕಷ್ಟದ್ದಲ್ಲ. ಕುದಿಯುತ್ತಿರುವ ಒಂದು ಕಿಲೋ ನೀರು ಪೂರ್ತಿ ಹಬೆಯಾಗಲು 2257 ಕಿಲೋಜೂಲ್ ಬೇಕು. ಒಂದು ಕಿಲೋವ್ಯಾಟ್ ಒಂದು ಗಂಟೆಗೆ ಕೊಡುವುದು 3600 ಕಿಲೋಜೂಲ್. ಎಂದರೆ ಏನೂ ಸೋರದಿದ್ದರೆ ಒಂದು ಕಿಲೋವ್ಯಾಟಿಗೆ ಗಂಟೆಗೆ ಸುಮಾರು 1.6 ಲೀಟರ್ ನೀರು ಹಬೆಯಾಗುತ್ತದೆ. ಪಾತ್ರೆಯ ಮೈಯಿಂದ ಒಂದಷ್ಟು ಬಿಸಿ ಹೋಗಿಯೇ ಹೋಗುತ್ತದೆ, ಅದನ್ನು ಕಳೆಯಬೇಕು. ನಿಮಿಷಕ್ಕೆ 25 ಮಿಲಿಲೀಟರ್, ಗಂಟೆಗೆ ಒಂದೂವರೆ ಲೀಟರ್ ಇಳಿಯಬೇಕೆಂದು ನಾವು ಅಂದಾಜಿಟ್ಟುಕೊಂಡೆವು. ಅದಕ್ಕೆ ಸುಮಾರು 1300 ವ್ಯಾಟ್ ಸಾಕಾಯಿತು. ಇನ್ನು ಪಾತ್ರೆಯನ್ನು ಇದಕ್ಕೆ ಹೊಂದಿಸಬೇಕು.

ಪಾತ್ರೆ ಸ್ಟೀಲಿನದು, 32 ಸೆಂಟಿಮೀಟರ್ ಅಗಲ, 38 ಎತ್ತರ; ಮೂವತ್ತು ಲೀಟರ್ ಹಿಡಿಯುತ್ತದೆ. ಮನೆಯಲ್ಲಿ ಬಚ್ಚಲಿನ ತಾಮ್ರದ ಹಂಡೆ ಇತ್ತು, ಅದನ್ನು ಮುಟ್ಟಲಿಲ್ಲ. ಮದ್ಯದ ಭಟ್ಟಿಗೆ ತಾಮ್ರ ಒಳ್ಳೆಯದು, ಗಂಧಕದ ಕೆಟ್ಟ ವಾಸನೆಯನ್ನು ಅದು ಹಿಡಿದುಕೊಳ್ಳುತ್ತದೆ. ಹುಲ್ಲಿನ ಎಣ್ಣೆಗೆ ಸ್ಟೀಲೇ ಸರಿ, ತಾಮ್ರ ತಗಲಿದರೆ ಎಣ್ಣೆಗೆ ಹಸಿರು ಛಾಯೆ ಬರುತ್ತದೆ, ಕಬ್ಬಿಣ ತಗಲಿದರೆ ಕಂದು. ಬುಡದಿಂದ 12 ಸೆಂಟಿಮೀಟರ್ ಮೇಲೆ ತೂತಿನ ತಟ್ಟೆಯೊಂದನ್ನು ಮೂರು ಕಾಲಿನ ಮೇಲೆ ಕೂರಿಸಿದ್ದೇವೆ. ನಮ್ಮ ಕಡೆ ಮನೆಮನೆಯಲ್ಲೂ ಇರುವ ಅಟ್ಟಿನಳಗೆಯದ್ದೇ ಉಪಾಯ ಇದು. ಕೆಳಗೆ ನೀರು, ಮೇಲೆ ಪದಾರ್ಥ, ನಡುವೆ ಹಬೆ. ಹುಲ್ಲು ನೀರಿನಲ್ಲಿ ಮುಳುಗಿ ಬುಡಕ್ಕೆ ತಾಗಿದರೆ ಸೀದು ಹೋಗುತ್ತದೆ. ಆ ಸೀದ ವಾಸನೆ ಎಣ್ಣೆಗೆ ಹತ್ತಿದರೆ ಮತ್ತೆ ಯಾವ ಉಪಾಯದಿಂದಲೂ ಬಿಡುವುದಿಲ್ಲ. ತಟ್ಟೆಯ ಕೆಳಗೆ ಎಂಟು ಲೀಟರ್ ನೀರು ಹಾಕಿದರೆ ಹತ್ತು ಸೆಂಟಿಮೀಟರ್ ನಿಲ್ಲುತ್ತದೆ, ಉಳಿದ ಎರಡು ಸೆಂಟಿಮೀಟರ್ ಕುದಿ ಚಿಮ್ಮಲು ಬಿಟ್ಟ ಜಾಗ.

ಅಟ್ಟಿನಳಗೆಯಿಂದ ಇನ್ನೊಂದು ಉಪಾಯವೂ ಬಂತು. ಪತ್ರೊಡೆ ಬೇಯಿಸುವಾಗ ಅಮ್ಮ ಅಡಿಯ ನೀರಿಗೆ ಒಂದು ನಾಣ್ಯ ಹಾಕುತ್ತಾರೆ. ನೀರು ಕುದಿಯುವಷ್ಟು ಹೊತ್ತೂ ಅದು ಕಟಕಟ ಸದ್ದು ಮಾಡುತ್ತದೆ, ಸದ್ದು ನಿಂತರೆ ನೀರು ಆರಿದೆ ಎಂದು ಅರ್ಥ. ನಾವು ನಾಣ್ಯದ ಬದಲು ಒಡೆದ ಪಿಂಗಾಣಿ ಬಟ್ಟಲಿನ ನಾಲ್ಕಾರು ಚೂರು ಹಾಕಿದೆವು. ಸದ್ದಿನಿಂದ ಕುದಿಯ ಜೋರು ತಿಳಿಯುತ್ತದೆ. ಒರಟು ಮೈಯ ಚೂರುಗಳ ಮೇಲೆ ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳುವುದರಿಂದ ನೀರು ಒಮ್ಮೆಲೇ ಧಡ್ ಎಂದು ಮೇಲೆ ಹಾರುವುದೂ ಇಲ್ಲ. ದೂರದಲ್ಲಿ ಕೂತು ಬೇರೆ ಕೆಲಸ ಮಾಡುವವರಿಗೆ ಈ ಕಟಕಟ ಬಹಳ ದೊಡ್ಡ ಉಪಕಾರ.

ಮುಚ್ಚಳಕ್ಕೆ ಆರು ಕಡೆ ಕ್ಲಾಂಪ್. ಸೋರದ ಹಾಗೆ ಮುಚ್ಚಲು ಮೈದಾ ಹಿಟ್ಟನ್ನು ಗಟ್ಟಿ ಕಲಸಿ ಅಂಚಿಗೆ ಸುತ್ತಲೂ ಒತ್ತುತ್ತೇವೆ. ಬಿಸಿಗೆ ಅದು ಬೆಂದು ಗಟ್ಟಿಯಾಗಿ ಕೂರುತ್ತದೆ. ರಬ್ಬರ್ ವಾಷರ್ ಬೇಡವೇ ಬೇಡ. ಈ ಎಣ್ಣೆಯ ಹಬೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಅದರ ವಾಸನೆಯೂ ಇಳಿಯುತ್ತದೆ. ಹಿಟ್ಟಿನ ಮತ್ತೊಂದು ಗುಣ, ಒಳಗೆ ಒತ್ತಡ ಏರಿದರೆ ಮೊದಲು ಬಿರಿಯುವುದು ಅದೇ. ಅಷ್ಟಕ್ಕೇ ನೆಚ್ಚಿ ಕೂರಬಾರದು. ಮುಚ್ಚಳದ ಮೇಲೆ ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಒಂದನ್ನು ಬೇರೆಯೇ ಕೂರಿಸಿದ್ದೇವೆ. ಹುಲ್ಲಿನ ಗರಿ ಮೇಲೆದ್ದು ನಳಿಗೆಯ ಬಾಯಿಗೆ ಅಂಟಿಕೊಂಡರೆ ಪಾತ್ರೆ ಮುಚ್ಚಿದ ಕುಕ್ಕರ್ ಆಗಿಬಿಡುತ್ತದೆ. ಅದನ್ನು ತಡೆಯಲು ನಳಿಗೆಯ ಬಾಯಿಗೆ ಒಳಗಿನಿಂದ ಸ್ಟೀಲ್ ಜಾಲರಿಯ ಗೂಡು ಹಾಕಿದ್ದೇವೆ. ಹೊರಡುವ ನಳಿಗೆ ಒಂದು ಇಂಚಿನದು. ಸಣ್ಣದು ಹಾಕಿ ಉಳಿತಾಯ ಮಾಡುವ ಜಾಗ ಇದಲ್ಲ. ಮುಂದೆ ತಣ್ಣೀರಿನ ಡ್ರಮ್ಮಿನಲ್ಲಿ 12 ಮಿಲಿಮೀಟರಿನ ಆರು ಮೀಟರ್ ಸ್ಟೀಲ್ ಟ್ಯೂಬ್ ಸುರುಳಿಯಾಗಿ ಇಳಿಯುತ್ತದೆ. ಬಗ್ಗಿಸುವಾಗ ಚಪ್ಪಟೆಯಾಗದ ಹಾಗೆ ಒಣಗಿದ ಜರಡಿ ಹೊಯಿಗೆ (ಮರಳು) ತುಂಬಿ, ಎರಡೂ ಬದಿಗೆ ಮರದ ಬೆಣೆ ಹೊಡೆದು, ಅಡಿಕೆ ಮರದ ತುಂಡಿಗೆ ಸುತ್ತಿದೆವು. ಸುರುಳಿಯಲ್ಲಿ ಎಲ್ಲೂ ಏರು ಇರಬಾರದು. ಮೇಲಿನಿಂದ ಕೆಳಗಿನವರೆಗೆ ಇಳಿಜಾರೇ ಇರಬೇಕು. ಒಂದು ಕಡೆ ತಗ್ಗಿದರೂ ಅಲ್ಲಿ ನೀರು ನಿಂತು ಹಬೆ ಗೊಳಗೊಳ ಎಂದು ತಳ್ಳುತ್ತದೆ, ಇಳಿಯುವುದು ಬಿಟ್ಟು ಬಿಟ್ಟು ಬರುತ್ತದೆ.

ಬಿಸಿಯ ಹತೋಟಿ ಎಂದರೆ ಒಲೆಯ ಹತೋಟಿ ಎಂದಷ್ಟೇ ತಿಳಿಯುವವರು ಹೆಚ್ಚು. ಅರ್ಧ ಕೆಲಸ ತಣ್ಣೀರಿನ ಕಡೆಗಿದೆ. ಒಲೆ ಹಬೆಗೆ ಕೊಟ್ಟ ಬಿಸಿಯನ್ನೆಲ್ಲ ಈ ಡ್ರಮ್ ಮರಳಿ ತೆಗೆಯಬೇಕು. ಒಂದು ಲೀಟರ್ ಇಳಿಸಿ ಅದನ್ನು 40 ಡಿಗ್ರಿಗೆ ತಣಿಸಲು ಸುಮಾರು 2500 ಕಿಲೋಜೂಲ್ ತೆಗೆಯಬೇಕು. ತಣ್ಣೀರು ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ 20 ಡಿಗ್ರಿ ಬಿಸಿಯಾಗುತ್ತದೆಂದರೆ, ಒಂದು ಲೀಟರಿಗೆ ಮೂವತ್ತು ಲೀಟರ್ ತಣ್ಣೀರು! ಗಂಟೆಗೆ ಒಂದೂವರೆ ಲೀಟರ್ ಇಳಿಸಲು 45 ಲೀಟರ್. ಟೆರೇಸಿನ ಕಪ್ಪು ಟ್ಯಾಂಕಿಯ ನೀರು ಮಧ್ಯಾಹ್ನದ ಹೊತ್ತಿಗೆ ತಾನೇ ಕಾದಿರುತ್ತದೆ, ಅದು ಈ ಕೆಲಸಕ್ಕೆ ಬಾರದು.

ಇಲ್ಲಿ ನಮ್ಮ ಊರಿನ ಭಾಗ್ಯವೊಂದಿದೆ. ಕಾಸರಗೋಡಿನ ಗುಡ್ಡೆಗಳ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ನಮ್ಮ ತೋಟದ ಮೇಲೂ ಹಿರಿಯರು ಕೊರೆಸಿದ್ದು ಒಂದಿದೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಇಳಿದು ಬರುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಥರ್ಮಾಮೀಟರ್ ಇಟ್ಟರೂ 27 ಡಿಗ್ರಿ ದಾಟಲಿಲ್ಲ. ಅದರಿಂದ ಅರ್ಧ ಇಂಚಿನ ಪೈಪ್ ಎಳೆದು ಡ್ರಮ್ಮಿನ ಅಡಿಗೆ ಕೊಟ್ಟೆವು, ಹೊರದಾರಿಯನ್ನು ಮೇಲಿಟ್ಟೆವು. ಹಬೆ ಮೇಲಿನಿಂದ ಕೆಳಗೆ, ನೀರು ಕೆಳಗಿನಿಂದ ಮೇಲೆ. ಹೀಗಿದ್ದರೇ ಕೊನೆಯ ಸುತ್ತಿಗೆ ಎಲ್ಲಕ್ಕಿಂತ ತಣ್ಣಗಿನ ನೀರು ಸಿಗುವುದು. ಹೊರಬಂದ ಬೆಚ್ಚಗಿನ ನೀರು ಅಡಿಕೆ ಮರಗಳ ಬುಡಕ್ಕೆ ಹೋಗುತ್ತದೆ. ಡ್ರಮ್ಮಿನ ಹೊರಮೈಗೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಸವರಿ ನೋಡಿದರೆ ಬಿಸಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತದೆ. ಡ್ರಮ್ಮಿನ ಮೇಲಿನ ಅರ್ಧದಲ್ಲೇ ಬಿಸಿ ಮುಗಿದರೆ ಬೆಂಕಿ ಹಿಡಿತದಲ್ಲಿದೆ. ಅಡಿಯವರೆಗೂ ಇಳಿದಿದ್ದರೆ ಬೆಂಕಿ ಇಳಿಸಬೇಕು, ಇಲ್ಲವೇ ನೀರು ಹೆಚ್ಚಿಸಬೇಕು.

ಈಗ ಒಲೆ. ನಾಲ್ಕು ಬಗೆಯದ್ದನ್ನೂ ಇದೇ ಪಾತ್ರೆಗೆ ಹಚ್ಚಿ ನೋಡಿದೆವು, ಬರೇ ನೀರು ಹಾಕಿ.

ಮುರಕಲ್ಲಿನ ಸೌದೆ ಒಲೆಯಲ್ಲಿ ತೆಂಗಿನ ಗೆರಟೆ ಹಾಕಿದಾಗ ಕುದಿ ಬೇಗ ಬರುತ್ತದೆ, ಆದರೆ ಗೆರಟೆ ಭಗ್ಗೆಂದು ಹೊತ್ತಿ ಬೇಗನೆ ಆರುತ್ತದೆ. ಅಡಿಕೆ ಸಿಪ್ಪೆ ಮಂದವಾಗಿ ಉರಿಯುತ್ತದೆ. ಸೌದೆ ಹಿಂದಕ್ಕೆ ಎಳೆದರೂ ಕಾದ ಕಲ್ಲು ಬಿಸಿ ಕೊಡುತ್ತಲೇ ಇರುತ್ತದೆ. ಈಗ ಮಾಡಿದ ಬದಲಾವಣೆ ನಳಿಗೆಯ ತುದಿಯಲ್ಲಿ ಕಾಣಲು ಬಹಳ ಹೊತ್ತು ಬೇಕು. ನೂರಾರು ಕಿಲೋ ಹುಲ್ಲು ಹಿಡಿಯುವ ದೊಡ್ಡ ಭಟ್ಟಿಗೆ ಈ ನಿಧಾನ ತೊಂದರೆಯಲ್ಲ, ಪಾತ್ರೆಯೇ ಅಷ್ಟು ದೊಡ್ಡದಿರುತ್ತದೆ. ಮೂವತ್ತು ಲೀಟರಿನದಕ್ಕೆ ಆಗುವುದಿಲ್ಲ. ಗ್ಯಾಸ್ ಒಲೆ ಕೂಡಲೇ ಮಾತು ಕೇಳುತ್ತದೆ. ಒಳಗೆ 1300 ವ್ಯಾಟ್ ಸೇರಬೇಕಾದರೆ ಗಂಟೆಗೆ ಸುಮಾರು 170 ಗ್ರಾಂ ಗ್ಯಾಸ್ ಸಾಕು, ಸಣ್ಣ ಬರ್ನರ್ ಧಾರಾಳವಾಯಿತು. ಅಂಗಳದಲ್ಲಿ ಗಾಳಿ ಬೀಸಿದಾಗ ಉರಿ ಓಲಾಡುವುದು ಅದರ ಕಷ್ಟ, ಮೂರು ಬದಿಗೆ ತಗಡು ನಿಲ್ಲಿಸಬೇಕು. ಈ ಎಣ್ಣೆಗೂ ಅದರ ಹಬೆಗೂ ಬೆಂಕಿ ಹಿಡಿಯುತ್ತದೆ. ತೆರೆದ ಉರಿ ಇರುವಲ್ಲಿ ಎಣ್ಣೆ ಇಳಿಯುವ ತುದಿ ಒಲೆಯಿಂದ ದೂರ, ಅದರ ಹಬೆಯನ್ನು ಗಾಳಿ ಒಲೆಯ ಕಡೆಗೆ ತರದ ಬದಿಯಲ್ಲಿ ಇರಲೇಬೇಕು. ಇಂಡಕ್ಷನ್ ಒಲೆಯನ್ನು ಬಹಳ ಮಂದಿ ಹೇಳುತ್ತಾರೆ. ಕಡಿಮೆ ಬೆಲೆಯವು ಸಣ್ಣ ಅಂಕಿಗೆ ಇಟ್ಟಾಗ ಬಿಸಿಯನ್ನು ಕಡಿಮೆ ಮಾಡುವುದಿಲ್ಲ, ಪೂರ್ತಿ ಹಚ್ಚಿ ಪೂರ್ತಿ ಆರಿಸುತ್ತಾ ಸರಾಸರಿಯನ್ನು ಇಳಿಸುತ್ತವೆ. ಭಟ್ಟಿಗೆ ಅದು ತೊಂದರೆ. ಹಚ್ಚಿದಾಗ ಹಬೆ ನುಗ್ಗುತ್ತದೆ, ಆರಿದಾಗ ಪಾತ್ರೆ ಉಸಿರು ಒಳಗೆಳೆಯುತ್ತದೆ. ಕೊನೆಗೆ ನಿಂತದ್ದು ಪಾತ್ರೆಯ ಅಡಿಯಲ್ಲೇ ಕೂರಿಸಿದ 2000 ವ್ಯಾಟಿನ ವಾಟರ್ ಹೀಟರ್ ಕಾಯಿಲ್. ಉರಿ ಇಲ್ಲ, ಆದ್ದರಿಂದ ಪಾತ್ರೆಗೆ ಗೋಣಿ ಹೊದಿಸಿ ಮೇಲೆ ತೆಂಗಿನ ನಾರಿನ ಹಗ್ಗ ಸುತ್ತಬಹುದು. ಮುಚ್ಚಳವನ್ನೂ ಹೊದಿಸಬೇಕು. ತಣ್ಣಗಿನ ಮುಚ್ಚಳಕ್ಕೆ ತಾಗಿದ ಹಬೆ ಅಲ್ಲೇ ನೀರಾಗಿ ಹುಲ್ಲಿನ ಮೇಲೆ ಮರಳಿ ಬೀಳುತ್ತದೆ, ಕೊಟ್ಟ ಬಿಸಿ ವ್ಯರ್ಥ.

ಕರೆಂಟಿನ ವಿಷಯದಲ್ಲಿ ರಾಜಿ ಇಲ್ಲ. ನೀರು, ಸ್ಟೀಲ್ ಪಾತ್ರೆ, ಒದ್ದೆ ನೆಲ, ಬರಿಗಾಲು ಎಲ್ಲ ಒಂದೇ ಕಡೆ ಇರುತ್ತವೆ. 16 ಆಂಪಿಯರಿನ ಪ್ಲಗ್, ಪಾತ್ರೆಗೆ ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ತಾನಾಗಿ ಬೀಳುವ ಆರ್‌ಸಿಸಿಬಿ ಸ್ವಿಚ್ ಮೂರೂ ಇಲ್ಲದೆ ಭಾವ ಸ್ವಿಚ್ ಮುಟ್ಟಲು ಬಿಡಲಿಲ್ಲ. ಕಾಯಿಲ್ ಯಾವಾಗಲೂ ನೀರಿನಡಿಯಲ್ಲೇ ಇರಬೇಕು. ಅದಕ್ಕೆ ನಾವು ಇಟ್ಟ ನಿಯಮ ಸರಳ: ಒಳಗೆ ಎಂಟು ಲೀಟರ್ ಹಾಕಿದ್ದರೆ ಹೊರಗೆ ಐದು ಲೀಟರ್ ಇಳಿಯುವ ಮೊದಲು ನಿಲ್ಲಿಸುವುದು. ಇಳಿದ ನೀರನ್ನು ಅಳೆಯುತ್ತಲೇ ಇರುವುದರಿಂದ ಪಾತ್ರೆಯೊಳಗೆ ಇಣುಕಬೇಕಾಗಿಲ್ಲ.

ಕಾಯಿಲಿಗೆ ಎಸ್‌ಸಿಆರ್ ರೆಗ್ಯುಲೇಟರ್ ಒಂದನ್ನು ಜೋಡಿಸಿದ್ದೇವೆ, ಫ್ಯಾನಿನ ರೆಗ್ಯುಲೇಟರಿನ ದೊಡ್ಡ ರೂಪ, ಹೀಟ್‌ಸಿಂಕ್ ಸಮೇತ. ನಾಬಿನ ಸುತ್ತ ಗುರುತು ಹಾಕಿ, "ಇಲ್ಲಿಗೆ ಇಟ್ಟರೆ 1300 ವ್ಯಾಟ್" ಎಂದು ನಂಬಿಕೊಂಡಿರಲು ನಮ್ಮೂರಿನಲ್ಲಿ ಸಾಧ್ಯವಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ. ಬಿಸಿ ಕಾಯಿಲಿನ ವ್ಯಾಟು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 2000 ವ್ಯಾಟ್ ಕೊಡುವ ಕಾಯಿಲ್ 200 ವೋಲ್ಟಿಗೆ 1500ರ ಆಸುಪಾಸು, 185ಕ್ಕೆ 1300 ಮಾತ್ರ. ವೋಲ್ಟೇಜ್ ಐದನೆಯ ಒಂದು ಪಾಲು ಇಳಿದರೆ ಬಿಸಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ! ಆದ್ದರಿಂದ ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ಇಳಿಸುವುದನ್ನೇ ರೂಢಿ ಮಾಡಿಕೊಂಡಿದ್ದೇವೆ.

ವ್ಯಾಟ್ ಅಳೆಯಲು ಹೊಸ ಉಪಕರಣ ಬೇಕಾಗಿಲ್ಲ, ಜಗಲಿಯ ಕರೆಂಟ್ ಮೀಟರ್ ಸಾಕು. ಅದರ ಮೇಲೆ ಮಿನುಗುವ ಸಣ್ಣ ಕೆಂಪು ದೀಪವಿದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ನಮ್ಮದರಲ್ಲಿ 3200. ಫ್ರಿಜ್, ಪಂಪು, ದೀಪ ಎಲ್ಲ ಆರಿಸಿ ಒಂದು ನಿಮಿಷ ಎಣಿಸಬೇಕು. 1300 ವ್ಯಾಟ್ ಆದರೆ ನಿಮಿಷಕ್ಕೆ 69 ಮಿನುಗು. ಮಗಳು ಎಣಿಸುತ್ತಾಳೆ, ನಾನು ನಾಬ್ ತಿರುಗಿಸುತ್ತೇನೆ. ಒಮ್ಮೆ ಹೊಂದಿಸಿದ ಮೇಲೆ ನಳಿಗೆಯ ತುದಿಯೇ ನಮ್ಮ ಮೀಟರ್. ನೂರು ಮಿಲಿಲೀಟರಿನ ಅಳತೆ ಗ್ಲಾಸು, ಮೊಬೈಲಿನ ಗಡಿಯಾರ. ನೂರು ಮಿಲಿಲೀಟರ್ ತುಂಬಲು ನಾಲ್ಕು ನಿಮಿಷ ಹಿಡಿದರೆ ಸರಿ. ಮೂರಕ್ಕಿಂತ ಮೊದಲೇ ತುಂಬಿದರೆ ಇಳಿಸು, ಐದು ದಾಟಿದರೆ ಏರಿಸು.

ಒಂದು ಭರ್ತಿಯ ಲೆಕ್ಕ ಹೀಗೆ. ಹುಲ್ಲನ್ನು ನೆಲದಿಂದ ಅರ್ಧ ಗೇಣು ಬಿಟ್ಟು ಕೊಯ್ದು, ಒಂದು ದಿನ ನೆರಳಿನಲ್ಲಿ ಬಾಡಿಸಿ, ನಾಲ್ಕು ಬೆರಳುದ್ದಕ್ಕೆ ಕಡಿದು, ನಾಲ್ಕೂವರೆ ಕಿಲೋ ತುಂಬಿದೆವು. ಬಾಡಿದ ಹುಲ್ಲು ಜಾಗ ಕಡಿಮೆ ಹಿಡಿಯುತ್ತದೆ. ತುಂಬುವುದರಲ್ಲೂ ಬಿಸಿಯ ವಿಷಯವೇ ಇದೆ. ಸಡಿಲವಾಗಿ ತುಂಬಿದರೆ ಹಬೆ ಒಂದೇ ಕಡೆ ದಾರಿ ಮಾಡಿಕೊಂಡು ಹೋಗುತ್ತದೆ, ಉಳಿದ ಹುಲ್ಲು ಬೇಯುವುದೇ ಇಲ್ಲ. ಗಟ್ಟಿಯಾಗಿ ತುಳಿದರೆ ಹಬೆಗೆ ದಾರಿ ಇಲ್ಲ. ಅಂಚಿನಲ್ಲಿ ತುಸು ಬಿಗಿಯಾಗಿ, ನಡುವೆ ಸಮನಾಗಿ ಒತ್ತಿದರೆ ಸರಿ.

ಎಂಟು ಗಂಟೆ ಹತ್ತು ನಿಮಿಷಕ್ಕೆ ಪೂರ್ತಿ 2000 ವ್ಯಾಟ್ ಕೊಟ್ಟೆವು. ಕುದಿ ಬರುವ ತನಕ ಬೆಂಕಿ ಕಡಿಮೆ ಮಾಡಿ ಪ್ರಯೋಜನವಿಲ್ಲ. ಅರ್ಧ ಗಂಟೆ ಆಗುತ್ತಾ ಬಂದಾಗ ಮೊದಲು ಪಿಂಗಾಣಿ ಚೂರು ಮಾತಾಡಲು ಶುರುಮಾಡಿತು. ಹಬೆ ಹುಲ್ಲನ್ನು ಬಿಸಿ ಮಾಡುತ್ತಾ ಮೇಲೇರಲು ಮತ್ತೂ ಹೊತ್ತು ಹಿಡಿಯುತ್ತದೆ. ಮುಚ್ಚಳದ ಹತ್ತಿರ ನಳಿಗೆಗೆ ಒದ್ದೆ ಬಟ್ಟೆ ತಾಗಿಸಿ ನೋಡುತ್ತಿದ್ದೆವು. ಅಲ್ಲಿ ಚುರ್ ಎಂದ ಕೂಡಲೇ 1300ಕ್ಕೆ ಇಳಿಸಿದೆವು. ಈ ಕ್ಷಣ ಬಹಳ ಮುಖ್ಯ. ಹನಿ ಬಿದ್ದ ಮೇಲೆ ಇಳಿಸುವ ಎಂದು ಕಾದರೆ ಮೊದಲ ಹಬೆ ನುಗ್ಗಿ ಬರುತ್ತದೆ. ಎಣ್ಣೆ ಎಲ್ಲಕ್ಕಿಂತ ಹೆಚ್ಚು ಇರುವುದು ಆ ಮೊದಲ ಪಾಲಿನಲ್ಲೇ. ಮೊದಲು ಗಾಳಿ ಬುಸುಬುಸು ಹೊರಟು, ಆಮೇಲೆ ಹನಿ, ಐದು ನಿಮಿಷದಲ್ಲಿ ನೂಲಿನಂಥ ಧಾರೆ. ನೂರು ಮಿಲಿಲೀಟರಿಗೆ ನಾಲ್ಕು ನಿಮಿಷ, ಇಳಿದ ನೀರಿನ ಬಿಸಿ 36 ಡಿಗ್ರಿ, ಮೇಲೆ ತಿಳಿಹಳದಿ ಎಣ್ಣೆಯ ಪದರ. ಈ ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ.

ಒಂದು ಗಂಟೆ ಕಳೆದ ಮೇಲೆ ಬೇಕೆಂದೇ 2000ಕ್ಕೆ ಏರಿಸಿ ನೋಡಿದೆವು. ನೂರು ಮಿಲಿಲೀಟರ್ ಎರಡೂವರೆ ನಿಮಿಷದೊಳಗೆ ತುಂಬಿತು. ಪಾತ್ರೆಯ ಮೇಲಿನ ಥರ್ಮಾಮೀಟರ್ ಕದಲಲಿಲ್ಲ. ಆದರೆ ಇಳಿದ ನೀರು 48 ಡಿಗ್ರಿಗೆ ಏರಿತು, ತಿಳಿಯಾಗಿದ್ದದ್ದು ಹಾಲು ಬಣ್ಣಕ್ಕೆ ತಿರುಗಿತು, ಅಂಗಳವೆಲ್ಲ ಪರಿಮಳ. ಆ ಪರಿಮಳ ನಮ್ಮ ಸೀಸೆಗೆ ಬರಬೇಕಾಗಿದ್ದ ಎಣ್ಣೆ. ಹಾಲು ಬಣ್ಣವೂ ನಷ್ಟವೇ. ಧಾರೆ ರಭಸದಿಂದ ಬಿದ್ದು ಎಣ್ಣೆ ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ಕದಡಿಕೊಳ್ಳುತ್ತದೆ, ತೇಲಿ ಬರಲು ಗಂಟೆಗಟ್ಟಲೆ ಬೇಕು. ಮರಳಿ 1300ಕ್ಕೆ ತಂದ ಸ್ವಲ್ಪ ಹೊತ್ತಿಗೆ ಎಲ್ಲವೂ ಮೊದಲಿನಂತಾಯಿತು. ಹೊಸಬರು ಯಾರೇ ಆಗಲಿ ಒಮ್ಮೆ ಹೀಗೆ ಏರಿಸಿ ಇಳಿಸಿ ನೋಡಲಿ, ಕಣ್ಣು, ಮೂಗು, ಅಂಗೈ ಮೂರಕ್ಕೂ ವಿಷಯ ತಿಳಿಯುತ್ತದೆ.

ಹನಿ ಶುರುವಾಗಿ ಎರಡು ಗಂಟೆ ಕಳೆಯುವ ಹೊತ್ತಿಗೆ ಮೂರು ಲೀಟರಿನ ಆಸುಪಾಸು ಇಳಿದಿತ್ತು, ಎಣ್ಣೆಯ ಪದರ ಬೆಳೆಯುವುದು ನಿಂತಿತ್ತು. ಹೆಚ್ಚಿನ ಎಣ್ಣೆ ಮೊದಲ ಗಂಟೆಯಲ್ಲೇ ಬಂದಿದ್ದರೂ ಬೇಗ ನಿಲ್ಲಿಸಬಾರದು. ಮೊದಲು ಬರುವುದರಲ್ಲಿ ಹಗುರ ಅಂಶ ಹೆಚ್ಚು, ಸಿಟ್ರಾಲ್ ಕೊನೆಯವರೆಗೂ ಬರುತ್ತಿರುತ್ತದೆ. ಇಳಿದದ್ದನ್ನು ಒಂದು ಲೀಟರಿನ ಪ್ರತ್ಯೇಕಿಸುವ ಗಾಜಿನ ಫನೆಲ್‌ಗೆ ಬಿಡುತ್ತೇವೆ, ಕಾಲೇಜು ಲ್ಯಾಬುಗಳಿಗೆ ಸಾಮಾನು ಕೊಡುವ ಮಂಗಳೂರಿನ ಅಂಗಡಿಯಲ್ಲಿ ಸಿಗುತ್ತದೆ. ಅಡಿಯ ತಿರುಪು ಬಿಚ್ಚಿ ನೀರು ತೆಗೆದರೆ ಎಣ್ಣೆ ಮೇಲೆ ಉಳಿಯುತ್ತದೆ. ಆ ನೀರಿನಲ್ಲೂ ಸ್ವಲ್ಪ ಎಣ್ಣೆ ಕರಗಿರುತ್ತದೆ, ಚೆಲ್ಲದೆ ಮುಂದಿನ ಭರ್ತಿಗೆ ಪಾತ್ರೆಯ ಅಡಿಗೇ ಹಾಕುತ್ತೇವೆ. ಈ ಭರ್ತಿಯಲ್ಲಿ ಸಿಕ್ಕಿದ್ದು 18 ಮಿಲಿಲೀಟರ್.

ನಿಲ್ಲಿಸುವುದಕ್ಕೂ ಕ್ರಮವಿದೆ. ಮೊದಲು ನಳಿಗೆಯ ತುದಿ ನೀರಿನಲ್ಲಿ ಮುಳುಗಿಲ್ಲ ಎಂದು ನೋಡಿಕೊಳ್ಳಬೇಕು. ಇಳಿಸುವ ಹೊತ್ತಿನಲ್ಲೂ ಅದು ಮುಳುಗಿರಬಾರದು. ಕಾಯಿಲ್ ಆರಿಸಿದ ಕೂಡಲೇ ಒಳಗಿನ ಹಬೆ ನೀರಾಗಿ ಕುಗ್ಗುತ್ತದೆ, ಪಾತ್ರೆ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ತುದಿ ಮುಳುಗಿದ್ದರೆ ಇಳಿಸಿದ ಎಣ್ಣೆ ನೀರೆಲ್ಲ ಸುರುಳಿ ಹತ್ತಿ ಹಿಂದಕ್ಕೆ ಹೋಗುತ್ತದೆ. ಹನಿ ನಿಲ್ಲುವ ತನಕ ಸುರಂಗದ ನೀರು ಹರಿಯುತ್ತಿರಲಿ. ಮುಚ್ಚಳ ತೆಗೆಯಲು ಅರ್ಧ ಗಂಟೆ ಕಾಯಲೇಬೇಕು. ಹುಲ್ಲಿನ ರಾಶಿಯೊಳಗೆ ಹಬೆ ಅಡಗಿರುತ್ತದೆ, ಮುಚ್ಚಳ ಎತ್ತಿದಾಗ ಮುಖಕ್ಕೆ ಬರುವುದು ಅದು. ಮುಚ್ಚಳವನ್ನು ನಮ್ಮಿಂದ ಆಚೆಗೆ ವಾಲಿಸಿಯೇ ಎತ್ತಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ಎಣ್ಣೆಯನ್ನು ಕಂದು ಗಾಜಿನ ಸಣ್ಣ ಸೀಸೆಗಳಲ್ಲಿ ಕತ್ತಿನ ತನಕ ತುಂಬಿಸಿ ಕತ್ತಲೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಬೆಳಕು, ಗಾಳಿ ತಾಗಿದರೆ ಸಿಟ್ರಾಲ್ ಕೆಟ್ಟು ಎಣ್ಣೆ ಮಂದವಾಗುತ್ತದೆ. ಬೆಂದ ಹುಲ್ಲು ತೆಂಗಿನ ಬುಡಕ್ಕೆ ಹೋಯಿತು.

ಮಳೆ ಬಿಟ್ಟ ಮೇಲೆ ದಾಲ್ಚಿನ್ನಿ ಎಲೆ ಹಾಕಬೇಕೆಂದಿದೆ, ಹಿತ್ತಿಲಲ್ಲಿ ದೊಡ್ಡ ಮರವಿದೆ. ಆ ಎಲೆಯ ಎಣ್ಣೆಯಲ್ಲಿ ಯೂಜಿನಾಲ್ ಎಂಬ ಅಂಶ ಹೆಚ್ಚು, ಎಣ್ಣೆ ನೀರಿಗಿಂತ ಭಾರ, ಫನೆಲ್ಲಿನ ಅಡಿಗೆ ಇಳಿಯುತ್ತದೆ. ಎಲೆ ದಪ್ಪ, ಎಣ್ಣೆ ಬಿಡಲು ಹುಲ್ಲಿಗಿಂತ ಹೆಚ್ಚು ಹೊತ್ತು ಬೇಕು. ಎಂಟು ಲೀಟರ್ ನೀರು ಸಾಲದಾಗುತ್ತದೆ. ಫನೆಲ್ಲಿನಲ್ಲಿ ಮೇಲೆ ಬಂದ ನೀರು ತಾನಾಗಿ ಪಾತ್ರೆಯ ಅಡಿಗೆ ಮರಳುವ ಹಾಗೆ ಇನ್ನೊಂದು ಟ್ಯೂಬ್ ಕೂರಿಸಲು ಭಾವ ಈಗಾಗಲೇ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೆ ಫನೆಲ್ ಪಾತ್ರೆಗಿಂತ ಎತ್ತರದಲ್ಲಿ ನಿಲ್ಲಬೇಕು, ಡ್ರಮ್ ಅದಕ್ಕೂ ಮೇಲೆ. ಮುರಕಲ್ಲಿನ ಒಂದು ಕಟ್ಟೆ ಕಟ್ಟಿಸುವ ಕೆಲಸ ಬಾಕಿ ಇದೆ.